ಕಾರಿನ ಚಕ್ರಗಳ ಹೊಳಪು ಕೆಡದ ಹಾಗೆ ತೊಳೆಯುವುದು, ಕಾಪಾಡುವುದು: ಸಮಗ್ರ ಮಾರ್ಗದರ್ಶಿ

ಕಾರಿನ ಮೈಯನ್ನು ವಾರವಾರ ಪ್ರೀತಿಯಿಂದ ತೊಳೆಯುವವರೂ ಚಕ್ರದ ಹತ್ತಿರ ಬಂದಾಗ ಪೈಪಿನಲ್ಲಿ ನೀರು ಹಾಯಿಸಿ ಸುಮ್ಮನಾಗುತ್ತಾರೆ. ಇಲ್ಲವೇ ಮೈ ಒರೆಸಿದ ಬಟ್ಟೆಯಲ್ಲೇ ಕೊನೆಗೆ ಚಕ್ರವನ್ನೂ ಜೋರಾಗಿ ತಿಕ್ಕುತ್ತಾರೆ. ಮೊದಲನೆಯದರಲ್ಲಿ ಕೊಳೆ ಹೋಗುವುದಿಲ್ಲ. ಎರಡನೆಯದರಲ್ಲಿ ಕೊಳೆಯ ಜೊತೆ ಹೊಳಪೂ ಹೋಗುತ್ತದೆ. ನಾನು ನೋಡಿದ ಮಂಕು ಚಕ್ರಗಳಲ್ಲಿ ಎಷ್ಟೋ ಚಕ್ರಗಳು ಕೊಳೆಯಿಂದ ಹಾಳಾಗಿರಲಿಲ್ಲ, ತಿಕ್ಕಿ ತಿಕ್ಕಿ ಹಾಳಾಗಿದ್ದವು. ಹಾಗಾಗಿ ಈ ಬರಹದುದ್ದಕ್ಕೂ ನಾನು ಒಂದೇ ಮಾತನ್ನು ಬೇರೆ ಬೇರೆ ರೀತಿ ಹೇಳುತ್ತೇನೆ: ಕೊಳೆ ಬಿಡಿಸುವ ಕೆಲಸ ದ್ರಾವಣದ್ದು, ಕೈಯದಲ್ಲ.

ಆ ಕಂದು ಪುಡಿ ಎಲ್ಲಿಂದ ಬರುತ್ತದೆ?

ಚಕ್ರದ ಮೇಲೆ ಕೂರುವುದು ಬರೀ ರಸ್ತೆಯ ಧೂಳಲ್ಲ. ಬ್ರೇಕ್ ಒತ್ತಿದಾಗ ಪ್ಯಾಡುಗಳು ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಹಿಡಿದು ಉಜ್ಜುತ್ತವೆ. ಡಿಸ್ಕ್ ಸಾಮಾನ್ಯವಾಗಿ ಬೀಡು ಕಬ್ಬಿಣದ್ದು. ಪ್ಯಾಡಿನಲ್ಲೂ ಎಷ್ಟೋ ಸಲ ಉಕ್ಕಿನ ಎಳೆ, ಲೋಹದ ಪುಡಿ ಇರುತ್ತದೆ. ಎರಡೂ ಸವೆದು ನುಣ್ಣನೆಯ ಪುಡಿಯಾಗಿ ಹಾರುತ್ತವೆ. ಜೋರಾಗಿ ಬ್ರೇಕ್ ಹಾಕಿದರೆ ಡಿಸ್ಕಿನ ಬಿಸಿ ಕೆಲವು ನೂರು ಡಿಗ್ರಿ ಮುಟ್ಟುತ್ತದೆ. ಹಾಗೆ ಬಿಸಿಯಾಗಿ ಹಾರಿದ ಕಬ್ಬಿಣದ ಕಣ ಚಕ್ರದ ಬಣ್ಣ ಕಾಯುವ ಪಾರದರ್ಶಕ ಲ್ಯಾಕರ್ ಪದರಕ್ಕೆ ಕಚ್ಚಿಕೊಳ್ಳುತ್ತದೆ. ಆಮೇಲೆ ತೇವ ತಾಗಿ ಅಲ್ಲೇ ತುಕ್ಕು ಹಿಡಿಯುತ್ತದೆ.

ಬೆಳ್ಳಿ ಬಣ್ಣದ ಅಲಾಯ್, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ, ಚಕ್ರದ ಮೇಲೆ ಕಾಣುವ ಸಣ್ಣ ಕಿತ್ತಳೆ ಚುಕ್ಕಿಗಳು ಇವೇ. ಚಕ್ರಕ್ಕೇ ತುಕ್ಕು ಹಿಡಿಯಿತು ಅಂತ ಹಲವರು ಗಾಬರಿಯಾಗುತ್ತಾರೆ. ಅಲ್ಯೂಮಿನಿಯಂಗೆ ಹಾಗೆ ಕೆಂಪು ತುಕ್ಕು ಹಿಡಿಯುವುದೇ ಇಲ್ಲ. ಆ ಚುಕ್ಕಿಯಲ್ಲಿರುವುದು ಬ್ರೇಕಿನ ಕಬ್ಬಿಣ.

ಮುಂದಿನ ಎರಡು ಚಕ್ರಗಳೇ ಜಾಸ್ತಿ ಕಪ್ಪಾಗುತ್ತವೆ, ಅಲ್ವಾ? ಬ್ರೇಕ್ ಹಾಕಿದಾಗ ಕಾರಿನ ತೂಕ ಮುಂದಕ್ಕೆ ವಾಲುತ್ತದೆ, ಅದಕ್ಕೇ ಮುಂದಿನ ಬ್ರೇಕುಗಳು ಹೆಚ್ಚು ಕೆಲಸ ಮಾಡುತ್ತವೆ. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ವೇಗ ತಗ್ಗಿಸುವ ಕೆಲಸವನ್ನು ಮೋಟರೂ ಹಂಚಿಕೊಳ್ಳುವುದರಿಂದ ಈ ಪುಡಿ ಕಡಿಮೆ.

ಕಬ್ಬಿಣದ ಪುಡಿ ಕೂತ ಚಕ್ರವನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಉಪ್ಪುಕಾಗದದಲ್ಲಿ ಉಜ್ಜಿದ ಹಾಗೆಯೇ. ಇಷ್ಟು ನೆನಪಿದ್ದರೆ ಅರ್ಧ ಕೆಲಸ ಮುಗಿಯಿತು.

ನಿಮ್ಮ ಚಕ್ರದ ಮೇಲ್ಮೈ ಯಾವುದು?

ಕ್ಲೀನರ್ ಕೊಳ್ಳುವ ಮೊದಲು ಇದನ್ನು ತಿಳಿದುಕೊಳ್ಳಿ. ಈಗಿನ ಅಲಾಯ್ ಚಕ್ರಗಳಲ್ಲಿ ಹೆಚ್ಚಿನವು ಬಣ್ಣ ಹೊಡೆದು ಮೇಲೆ ಪಾರದರ್ಶಕ ಲ್ಯಾಕರ್ ಹಾಕಿದವು. ಕಾರಿನ ಮೈಗೆ ಹೊಂದುವ ಶಾಂಪೂ, ವ್ಯಾಕ್ಸ್ ಎಲ್ಲವೂ ಇವುಗಳಿಗೂ ಹೊಂದುತ್ತವೆ. ಪೌಡರ್ ಕೋಟ್ ಮಾಡಿದ, ಅಂದರೆ ಬಣ್ಣದ ಪುಡಿ ಹಾಕಿ ಬಿಸಿಯಲ್ಲಿ ಗಟ್ಟಿಯಾಗಿಸಿದ, ಚಕ್ರಗಳು ಇನ್ನೂ ಗಟ್ಟಿ.

ಡೈಮಂಡ್ ಕಟ್ ಚಕ್ರಗಳಿಗೆ ಸ್ವಲ್ಪ ಜಾಸ್ತಿ ಕಾಳಜಿ ಬೇಕು. ಅವುಗಳ ಮುಖವನ್ನು ಲೇತ್ ಯಂತ್ರದಲ್ಲಿ ಸಣ್ಣಗೆ ಕೆತ್ತಿರುತ್ತಾರೆ. ಬೆಳಕಿಗೆ ಹಿಡಿದರೆ ಗ್ರಾಮಫೋನ್ ತಟ್ಟೆಯ ಹಾಗೆ ಗೆರೆಗಳು ಕಾಣುತ್ತವೆ. ಆ ಬರಿ ಲೋಹವನ್ನು ಕಾಯುತ್ತಿರುವುದು ಮೇಲಿನ ತೆಳು ಲ್ಯಾಕರ್ ಒಂದೇ. ಕಲ್ಲು ಬಡಿದು ಅಲ್ಲಿ ಚೂರು ಎದ್ದರೆ ಒಳಗೆ ನೀರು ನುಗ್ಗುತ್ತದೆ. ಆಮೇಲೆ ಹುಳ ಹರಿದ ಹಾಗೆ ಬಿಳಿ ಗೆರೆಗಳು ಲ್ಯಾಕರ್ ಅಡಿಯಲ್ಲೇ ಹರಡುತ್ತಾ ಹೋಗುತ್ತವೆ. ಅದು ಎಷ್ಟು ತೊಳೆದರೂ ಹೋಗುವುದಿಲ್ಲ, ಚಕ್ರದ ಮುಖವನ್ನು ಮತ್ತೆ ಕೆತ್ತಿಸಿ ಹೊಸ ಲ್ಯಾಕರ್ ಹಾಕಿಸಬೇಕು. ಹಾಗಾಗಿ ಇಂಥ ಚಕ್ರ ಇದ್ದವರು ಮುಂದೆ ಹೇಳುವ ರಕ್ಷಣೆಯ ಭಾಗವನ್ನು ದಯವಿಟ್ಟು ಬಿಡಬೇಡಿ.

ಲ್ಯಾಕರ್ ಇಲ್ಲದೆ ಬರೀ ಪಾಲಿಶ್ ಮಾಡಿದ ಅಲ್ಯೂಮಿನಿಯಂ ಚಕ್ರಗಳೂ ಇವೆ. ಗೊತ್ತಾಗದಿದ್ದರೆ ಕಾಣದ ಮೂಲೆಯಲ್ಲಿ ಸ್ವಲ್ಪ ಮೆಟಲ್ ಪಾಲಿಶ್ ಹಚ್ಚಿ ಬಿಳಿ ಬಟ್ಟೆಯಲ್ಲಿ ಮೆಲ್ಲಗೆ ಉಜ್ಜಿ. ಬಟ್ಟೆ ಕಪ್ಪಾದರೆ ಅದು ಬರಿ ಲೋಹ. ಇದಕ್ಕೆ ಆಮ್ಲವೂ ಆಗದು, ಕ್ಷಾರವೂ ಆಗದು. ಎರಡೂ ಕೆಲವೇ ನಿಮಿಷದಲ್ಲಿ ಮಬ್ಬು ಕರೆ ಬಿಡುತ್ತವೆ. ಕ್ರೋಮ್ ಚಕ್ರಕ್ಕೂ ಕಟು ಕ್ಲೀನರ್ ಬೇಡ. ಹೊಳಪಿಲ್ಲದ ಮ್ಯಾಟ್ ಬಣ್ಣದ ಚಕ್ರಕ್ಕೆ ಪಾಲಿಶ್ ಮತ್ತು ಮಾಮೂಲಿ ವ್ಯಾಕ್ಸ್ ಬೇಡ, ಉಜ್ಜಿದ ಕಡೆ ಮಾತ್ರ ಹೊಳೆದು ತೇಪೆ ಹಾಕಿದ ಹಾಗೆ ಕಾಣುತ್ತದೆ. ಉಕ್ಕಿನ ಚಕ್ರಕ್ಕೆ ಪ್ಲಾಸ್ಟಿಕ್ ಕವರ್ ಇದ್ದರೆ ಕವರ್ ಬಿಚ್ಚಿ ಎರಡನ್ನೂ ಬೇರೆ ಬೇರೆ ತೊಳೆಯಿರಿ.

ಏನೇನು ಬೇಕು?

ಎರಡು ಬಕೆಟ್. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬ್ರಷ್ ಜಾಲಿಸಲು ಬರೀ ನೀರು. ಈ ಬಕೆಟ್, ಬ್ರಷ್, ಬಟ್ಟೆ ಯಾವುದನ್ನೂ ಕಾರಿನ ಮೈಗೆ ಬಳಸಬೇಡಿ. ಚಕ್ರದ ಬಟ್ಟೆಯಲ್ಲಿ ಉಳಿದ ಲೋಹದ ಒಂದು ಕಣ ಬಾನೆಟ್ ಮೇಲೆ ಉದ್ದ ಗೀರು ಎಳೆಯಬಲ್ಲದು. ಬಟ್ಟೆಗಳು ಬೆರೆಯದ ಹಾಗೆ ಚಕ್ರಕ್ಕೆಂದೇ ಬೇರೆ ಬಣ್ಣದವನ್ನು ಇಟ್ಟುಕೊಳ್ಳಿ.

ಚಕ್ರದ ಒಳಗೋಡೆಗೆ ಉದ್ದ ಹಿಡಿಯ ಮೆತ್ತನೆಯ ಬ್ರಷ್, ನಟ್‌ಗಳ ಗುಳಿಗೆ ಸಣ್ಣ ಬ್ರಷ್, ಮುಖಕ್ಕೆ ಮೈಕ್ರೋಫೈಬರ್ ಗ್ಲೌಸ್ ಅಥವಾ ಬಟ್ಟೆ, ಟೈರಿಗೆ ಮಾತ್ರ ಗಡುಸು ಬ್ರಷ್. ತಂತಿ ಹಿಡಿಯ ಬ್ರಷ್ ಆದರೆ ತುದಿಯಲ್ಲಿ ತಂತಿ ಹೊರಗೆ ಕಾಣುತ್ತಿದೆಯೇ ಅಂತ ಬೆರಳಾಡಿಸಿ ನೋಡಿ. ರಬ್ಬರ್ ಗ್ಲೌಸ್ ಮತ್ತು ಕನ್ನಡಕ ಕಡ್ಡಾಯ. ಸ್ಟೀಲ್ ನಾರು, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್, ಟೂತ್‌ಪೇಸ್ಟ್ ಇವನ್ನೆಲ್ಲ ದೂರ ಇಡಿ.

ಕ್ಲೀನರ್ ವಿಷಯದಲ್ಲಿ ನನ್ನ ಸಲಹೆ ಸರಳ: ತಟಸ್ಥ ಪಿಎಚ್, ಅಂದರೆ 7ರ ಆಸುಪಾಸು ಅಂತ ಬರೆದಿರುವುದನ್ನೇ ಕೊಳ್ಳಿ. ಕೆಲವು ಕಟು ಕ್ಲೀನರ್‌ಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಕೊಳೆ ಕ್ಷಣದಲ್ಲಿ ಬಿಡುತ್ತದೆ ನಿಜ. ಆದರೆ ಇದು ಚರ್ಮದ ಮೂಲಕ ಒಳಗಿಳಿದು ಮೂಳೆಯವರೆಗೂ ಹಾನಿ ಮಾಡಬಲ್ಲ ರಾಸಾಯನಿಕ, ಮೊದಲಿಗೆ ನೋವೂ ಗೊತ್ತಾಗದೆ ಇರಬಹುದು. ಮನೆಯ ಅಂಗಳದಲ್ಲಿ ಅದರ ಸಹವಾಸ ಬೇಡವೇ ಬೇಡ. ಓವನ್ ಕ್ಲೀನರ್, ಚರಂಡಿ ಕಟ್ಟಿದಾಗ ಹಾಕುವ ಪುಡಿ ಇವುಗಳಲ್ಲಿ ಕಾಸ್ಟಿಕ್ ಸೋಡಾ ಇರುತ್ತದೆ. ಅದು ಅಲ್ಯೂಮಿನಿಯಂ ಅನ್ನು ನೇರವಾಗಿ ತಿನ್ನುತ್ತದೆ. ಎರಡು ಕ್ಲೀನರ್‌ಗಳನ್ನು ಯಾವತ್ತೂ ಬೆರೆಸಬೇಡಿ.

ತೊಳೆಯುವ ಕ್ರಮ

ಮೊದಲ ಕೆಲಸ ಕಾಯುವುದು. ಓಡಿಸಿ ಬಂದ ಕೂಡಲೇ ಚಕ್ರಕ್ಕೆ ನೀರು ಹಾಕಬೇಡಿ. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗುವ ಅಪಾಯವಿದೆ. ಬಿಸಿ ಚಕ್ರದ ಮೇಲೆ ಕ್ಲೀನರ್ ಕ್ಷಣದಲ್ಲಿ ಒಣಗಿ ಕರೆ ಕಟ್ಟುತ್ತದೆ. ನೆರಳಿನಲ್ಲಿ ನಿಲ್ಲಿಸಿ, ಕೈಯಿಟ್ಟರೆ ತಣ್ಣಗಿದೆ ಅನಿಸುವವರೆಗೆ ಬಿಡಿ. ಕಾರಿನ ಮೈಗಿಂತ ಮೊದಲು ಚಕ್ರ ತೊಳೆಯಿರಿ. ಕೊನೆಗೆ ತೊಳೆದರೆ ಕಪ್ಪು ನೀರು ಒರೆಸಿಟ್ಟ ಮೈಗೆ ಸಿಡಿಯುತ್ತದೆ. ಒಂದು ಚಕ್ರ ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಹೋಗಿ. ನಾಲ್ಕಕ್ಕೂ ಒಟ್ಟಿಗೆ ಕ್ಲೀನರ್ ಸಿಂಪಡಿಸಿದರೆ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅದು ಒಣಗಿರುತ್ತದೆ.

ಈಗ ನೀರು. ಚಕ್ರದ ಮುಖ, ಸ್ಪೋಕ್‌ಗಳ ಹಿಂಬದಿ, ಒಳಗೋಡೆ, ಮೇಲಿನ ಮಡ್‌ಗಾರ್ಡ್ ಗೂಡು ಎಲ್ಲ ಕಡೆ ಧಾರಾಳವಾಗಿ ಹಾಯಿಸಿ. ಗೂಡು ಬಿಟ್ಟರೆ ಅಲ್ಲಿಂದ ಕೆಸರು ಆಮೇಲೆ ತೊಟ್ಟಿಕ್ಕುತ್ತಲೇ ಇರುತ್ತದೆ. ಪ್ರೆಶರ್ ವಾಷರ್ ಇದ್ದರೆ ನಳಿಗೆಯನ್ನು ಕನಿಷ್ಠ 30 ಸೆಂಟಿಮೀಟರ್ ದೂರ ಹಿಡಿಯಿರಿ. ಟೈರಿನ ಪಕ್ಕೆಗೂ ಗಾಳಿ ತುಂಬುವ ವಾಲ್ವ್‌ಗೂ ಹತ್ತಿರದಿಂದ ಹೊಡೆಯಬೇಡಿ. ಲ್ಯಾಕರ್ ಎದ್ದಿರುವ ಚಕ್ರಕ್ಕಂತೂ ಅದು ಬೇಡ, ಸಿಪ್ಪೆ ಸುಲಿದ ಹಾಗೆ ಕಿತ್ತು ಬರುತ್ತದೆ.

ಆಮೇಲೆ ಟೈರು. ಇದನ್ನು ಮೊದಲು ತಿಕ್ಕಿದರೆ ಅದರ ಕಂದು ನೊರೆ ಚಕ್ರದ ಮೇಲೆ ಇಳಿದರೂ ಚಿಂತೆಯಿಲ್ಲ, ಚಕ್ರ ಇನ್ನೂ ಬಾಕಿ ಇದೆಯಲ್ಲ. ನೊರೆ ಬೆಳ್ಳಗೆ ಬರುವವರೆಗೆ ಗಡುಸು ಬ್ರಷ್‌ನಲ್ಲಿ ತಿಕ್ಕಿ. ಆ ಕಂದು ಬಣ್ಣದಲ್ಲಿ ಬರೀ ಕೊಳೆ ಇರುವುದಿಲ್ಲ. ಓಝೋನ್‌ನಿಂದ ರಬ್ಬರ್ ಬಿರುಕು ಬಿಡದಿರಲಿ ಅಂತ ತಯಾರಕರು ಸೇರಿಸಿದ ವಸ್ತು ನಿಧಾನಕ್ಕೆ ಮೇಲೆ ಬಂದು ಕಂದಾಗಿರುತ್ತದೆ.

ಚಕ್ರಕ್ಕೆ ಬಂದಾಗ ಒಳಗಿನಿಂದ ಹೊರಗೆ ಬನ್ನಿ. ಕ್ಲೀನರ್ ಸಿಂಪಡಿಸಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ಉದ್ದ ಬ್ರಷ್ ಅನ್ನು ಶಾಂಪೂ ನೀರಿನಲ್ಲಿ ಅದ್ದಿ ಸ್ಪೋಕ್‌ಗಳ ಸಂದಿಯಿಂದ ಒಳಗೋಡೆಗೆ ಹಾಕಿ, ಮುಂದೆ ಹಿಂದೆ ಎಳೆಯಿರಿ. ಒಳಗೆ ಸಣ್ಣ ಬೂದು ತುಂಡುಗಳು ಅಂಟಿರುವುದು ಕಂಡರೆ ಕಲೆ ಅಂತ ಕಿತ್ತುಬಿಡಬೇಡಿ. ಅವು ವೀಲ್ ಬ್ಯಾಲೆನ್ಸ್ ಮಾಡಿದಾಗ ಅಂಟಿಸಿದ ತೂಕಗಳು. ಒಂದು ಬಿದ್ದರೂ ವೇಗ ಏರಿದಾಗ ಸ್ಟೀರಿಂಗ್ ನಡುಗುತ್ತದೆ.

ಆಮೇಲೆ ಸ್ಪೋಕ್‌ಗಳ ಹಿಂಬದಿ. ಇಲ್ಲಿಗೆ ಕೈ ಹಾಕಿಯೇ ಒರೆಸಬೇಕು. ನಂತರ ನಟ್‌ಗಳ ಗುಳಿ. ಕೊನೆಗೆ ಮುಖ, ಮೇಲಿನಿಂದ ಕೆಳಕ್ಕೆ. ಒತ್ತಡ ಬೇಡ, ಗ್ಲೌಸ್ ಜಾರುತ್ತಿರಬೇಕು. ಪ್ರತಿ ಸಲ ಬ್ರಷ್ ಅನ್ನು ಬರೀ ನೀರಿನ ಬಕೆಟ್‌ನಲ್ಲಿ ಜಾಲಿಸಿ, ಆಮೇಲೆ ಶಾಂಪೂಗೆ ಅದ್ದಿ. ಚೆನ್ನಾಗಿ ನೀರು ಹಾಯಿಸಿ. ಡಿಸ್ಕ್ ಮತ್ತು ಪ್ಯಾಡುಗಳನ್ನು ಒತ್ತುವ ಕ್ಯಾಲಿಪರ್ ಮೇಲೆ ನೊರೆ ಉಳಿಯಬಾರದು.

ಕಚ್ಚಿಕೊಂಡ ಕಬ್ಬಿಣ

ತೊಳೆದ ಚಕ್ರದ ಮೇಲೆ ಬೆರಳು ಆಡಿಸಿ. ನುಣುಪಾಗಿದ್ದರೆ ಈ ಭಾಗ ಬಿಡಬಹುದು. ಮರಳು ಸಿಕ್ಕಿದ ಹಾಗೆ ತರಿತರಿ ಇದ್ದರೆ ಕಬ್ಬಿಣ ಒಳಗೆ ಕೂತಿದೆ. ಇದಕ್ಕೆ ಐರನ್ ರಿಮೂವರ್ ಬೇಕು. ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಹಂತ ಇದೇ.

ಇದರಲ್ಲಿ ಸಾಮಾನ್ಯವಾಗಿ ಥಯೋಗ್ಲೈಕೊಲೇಟ್ ಅನ್ನುವ ರಾಸಾಯನಿಕ ಇರುತ್ತದೆ. ಕೂದಲನ್ನು ಗುಂಗುರು ಮಾಡುವ ದ್ರಾವಣದಲ್ಲಿರುವುದೂ ಇದೇ ಬಗೆಯದು. ಇದು ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗುವ ಹಾಗೆ ಮಾಡುತ್ತದೆ, ಆಗ ನೇರಳೆ ಬಣ್ಣ ಬರುತ್ತದೆ. ಹಳೆ ಕಾರೊಂದು ಕೈಗೆ ಬಂದಾಗ ಅದರ ಚಕ್ರಗಳ ಕಂದು ಕಲೆ ನೋಡಿ, ಬಣ್ಣವೇ ಹೋಗಿದೆ, ಹೊಸದಾಗಿ ಹೊಡೆಸಬೇಕು ಅಂದುಕೊಂಡಿದ್ದೆ. ಐರನ್ ರಿಮೂವರ್ ಸಿಂಪಡಿಸಿ ನಿಂತೆ. ಎರಡು ನಿಮಿಷದಲ್ಲಿ ಚಕ್ರದಿಂದ ನೇರಳೆ ನೀರು ಹರಿಯತೊಡಗಿತು. ಮೂರು ಸಲ ಮಾಡಿದ ಮೇಲೆ ಕೆಳಗೆ ಕಂಡ ಬೆಳ್ಳಿ ಬಣ್ಣಕ್ಕೆ ಏನೂ ಆಗಿರಲಿಲ್ಲ.

ಹಿಂದಿನ ನೀರು ಬಟ್ಟೆಯಲ್ಲಿ ತೆಗೆದು, ಸಿಂಪಡಿಸಿ, 3ರಿಂದ 5 ನಿಮಿಷ ಬಿಡಿ. ಒಣಗಲು ಬಿಡಬೇಡಿ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಗಾಳಿ ಆಡುವ ಕಡೆ ಮಾಡಿ. ಮೆತ್ತನೆಯ ಬ್ರಷ್‌ನಲ್ಲಿ ಹಗುರವಾಗಿ ಆಡಿಸಿ ತೊಳೆಯಿರಿ. ಇನ್ನೂ ನೇರಳೆ ಬರುತ್ತಿದ್ದರೆ ಮತ್ತೊಂದು ಸಲ ಮಾಡಿ, ಆದರೆ ಜೋರಾಗಿ ತಿಕ್ಕಲು ಹೋಗಬೇಡಿ. ಕ್ರೋಮ್ ಅಥವಾ ಬರಿ ಲೋಹದ ಚಕ್ರವಾದರೆ ಡಬ್ಬಿಯ ಮೇಲಿನ ಸೂಚನೆ ಓದದೆ ಹಾಕಬೇಡಿ. ವರ್ಷಕ್ಕೆ ಮೂರು ನಾಲ್ಕು ಸಲ ಮಾಡಿದರೆ ಸಾಕು.

ಕಪ್ಪು ಡಾಂಬರಿನ ಚುಕ್ಕಿಗಳಿಗೆ ಇದು ನಾಟುವುದಿಲ್ಲ. ಅದಕ್ಕೆ ಟಾರ್ ರಿಮೂವರ್ ಬೇರೆ. ಬಟ್ಟೆಗೆ ಹಾಕಿ ಚುಕ್ಕಿಯ ಮೇಲೆ ಒಂದು ನಿಮಿಷ ಒತ್ತಿ ಹಿಡಿದರೆ ಕರಗಿ ಬಟ್ಟೆಗೆ ಬರುತ್ತದೆ. ಉಗುರು, ಬ್ಲೇಡು ಹಾಕಬೇಡಿ. ಇಷ್ಟಾದರೂ ತರಿ ಉಳಿದರೆ ಕ್ಲೇ ಬಾರ್, ಅಂದರೆ ಕೊಳೆ ಎತ್ತುವ ಮೆತ್ತನೆಯ ಜೇಡಿಯಂಥ ತುಂಡು, ಬಳಸಿ. ಜಾರಲು ಶಾಂಪೂ ನೀರು ಸಾಕಷ್ಟಿರಲಿ. ಚಕ್ರಕ್ಕೆ ಬಳಸಿದ ಕ್ಲೇ ತುಂಡು ಮತ್ತೆ ಮೈಗೆ ಹೋಗಬಾರದು.

ನೀರು ಒಣಗಿ ಆದ ಬಿಳಿ ಕಲೆಗಳು ಗಡಸು ನೀರಿನ ಸುಣ್ಣದ ಅಂಶ. ಲ್ಯಾಕರ್ ಇರುವ ಚಕ್ರವಾದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಒರೆಸಿ, ಒಂದು ನಿಮಿಷದೊಳಗೆ ತೊಳೆದುಬಿಡಿ.

ಒಣಗಿಸುವಾಗ ಕಣ್ಣು ಚುರುಕಾಗಿರಲಿ

ತಾನಾಗೇ ಒಣಗಲು ಬಿಟ್ಟರೆ ಅದೇ ಬಿಳಿ ಕಲೆ ಮತ್ತೆ ಬರುತ್ತದೆ. ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಿ ನೀರು ಹೀರಿಸಿ. ನಟ್ ಗುಳಿಗಳಲ್ಲಿ ನಿಂತ ನೀರಿಗೆ ಬ್ಲೋವರ್ ಇದ್ದರೆ ಒಳ್ಳೆಯದು.

ಈ ಹೊತ್ತಿನಲ್ಲಿ ಚಕ್ರವನ್ನು ನಿಧಾನವಾಗಿ ನೋಡಿ. ಚಕ್ರ ತೊಳೆಯುವವರಿಗೆ ಕಾರಿನ ಆರೋಗ್ಯ ಬೇಗ ಗೊತ್ತಾಗುತ್ತದೆ. ಎಡ ಬಲ ಎರಡೂ ಮುಂಚಕ್ರಗಳಲ್ಲಿ ಪುಡಿ ಸುಮಾರು ಒಂದೇ ಅಳತೆಯಲ್ಲಿರಬೇಕು. ಒಂದೇ ಕಡೆ ಪ್ರತಿ ಸಲ ಜಾಸ್ತಿ ಇದ್ದರೆ, ಓಡಿಸಿ ಬಂದಾಗ ಆ ಚಕ್ರ ಮಾತ್ರ ಬಿಸಿಯಾಗಿದ್ದರೆ, ಕ್ಯಾಲಿಪರ್ ಸಿಕ್ಕಿಕೊಂಡು ಬ್ರೇಕ್ ಪೂರ್ತಿ ಬಿಡುತ್ತಿಲ್ಲದಿರಬಹುದು. ಪುಡಿಯ ಬದಲು ಜಿಡ್ಡು ಕಂಡರೆ ಬ್ರೇಕ್ ಆಯಿಲ್ ಸೋರಿಕೆಯೋ, ಆಕ್ಸಲ್‌ನ ರಬ್ಬರ್ ಮುಚ್ಚುಗೆ (ಬೂಟ್) ಹರಿದು ಗ್ರೀಸ್ ಹಾರುತ್ತಿದೆಯೋ ನೋಡಿಸಬೇಕು. ಇಂಥದ್ದು ಕಂಡರೆ ಹೊಳಪಿನ ಕೆಲಸ ಅಲ್ಲಿಗೇ ನಿಲ್ಲಿಸಿ, ಮೊದಲು ಮೆಕ್ಯಾನಿಕ್‌ಗೆ ತೋರಿಸಿ. ಟೈರಿನ ಪಕ್ಕೆ ಉಬ್ಬಿದೆಯೇ, ಮೊಳೆ ಹೊಕ್ಕಿದೆಯೇ, ವಾಲ್ವ್ ರಬ್ಬರ್ ಬಿರಿದಿದೆಯೇ ಅದನ್ನೂ ನೋಡಿಕೊಳ್ಳಿ.

ರಕ್ಷಣೆಯ ಪದರ

ಚೆನ್ನಾಗಿ ತೊಳೆದ ಚಕ್ರವನ್ನು ಹಾಗೇ ಬಿಟ್ಟರೆ ಕೆಲವೇ ದಿನದಲ್ಲಿ ಪುಡಿ ಮತ್ತೆ ಕಚ್ಚುತ್ತದೆ. ಮೇಲೆ ಒಂದು ಪದರ ಇದ್ದರೆ ಪುಡಿ ಕೂರುತ್ತದೆ, ಆದರೆ ಗಟ್ಟಿಯಾಗಿ ಹಿಡಿಯುವುದಿಲ್ಲ. ಮುಂದಿನ ಸಲ ಬರೀ ಶಾಂಪೂ ನೀರಿಗೇ ಬಿಟ್ಟು ಬರುತ್ತದೆ. ತಿಕ್ಕುವುದು ಕಡಿಮೆಯಾದಷ್ಟೂ ಲ್ಯಾಕರ್ ಬಾಳುತ್ತದೆ.

ಆಯ್ಕೆ ಮೂರು. ಕಾರ್ನೌಬಾ ವ್ಯಾಕ್ಸ್ ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುತ್ತದೆ. ಹೊಳಪು ಚೆಂದ, ಹಚ್ಚುವುದು ಸುಲಭ. ಆದರೆ ಅದು ಸುಮಾರು 82 ಡಿಗ್ರಿ ಸೆಲ್ಸಿಯಸ್‌ಗೆ ಕರಗತೊಡಗುತ್ತದೆ. ಬ್ರೇಕಿನ ಪಕ್ಕದಲ್ಲೇ ಇರುವ ಚಕ್ರದ ಮೇಲೆ ಕೆಲವು ವಾರ ನಿಂತರೆ ಹೆಚ್ಚು. ಕೃತಕವಾಗಿ ತಯಾರಿಸಿದ ಲೇಪ, ಅಂದರೆ ಸಿಂಥೆಟಿಕ್ ಸೀಲೆಂಟ್, ಬಿಸಿ ತಡೆಯುತ್ತದೆ, ಕೆಲವು ತಿಂಗಳು ಬಾಳುತ್ತದೆ. ಮೊದಲ ಸಲ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ತೆಳ್ಳಗೆ ಹಚ್ಚಿ, ಹೇಳಿದಷ್ಟು ಹೊತ್ತು ಬಿಟ್ಟು, ಒಣ ಬಟ್ಟೆಯಲ್ಲಿ ಒರೆಸಿದರೆ ಆಯಿತು. ದಪ್ಪ ಹಚ್ಚಿದರೆ ಲಾಭವಿಲ್ಲ.

ಮೂರನೆಯದು ಸೆರಾಮಿಕ್ ಕೋಟಿಂಗ್. ಸಿಲಿಕಾ ಆಧಾರದ ಇದು ಗಟ್ಟಿ ಪದರವಾಗಿ ನಿಂತು ಒಂದೆರಡು ವರ್ಷ ಬರಬಲ್ಲದು. ಆದರೆ ಅದರ ಅಡಿ ಏನಿದೆಯೋ ಅದನ್ನೂ ಹಾಗೇ ಹಿಡಿದಿಡುತ್ತದೆ. ಹಾಗಾಗಿ ಐರನ್ ರಿಮೂವರ್, ಟಾರ್ ರಿಮೂವರ್, ಕ್ಲೇ ಎಲ್ಲ ಮುಗಿದಿರಬೇಕು. ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ಸಮ ಪ್ರಮಾಣದ ಶುದ್ಧ ನೀರು ಬೆರೆಸಿ ಒರೆಸಿ, ಜಿಡ್ಡು ತೆಗೆಯಿರಿ. ಪ್ಯಾಡಿಗೆ ಕೆಲವು ಹನಿ ಹಾಕಿ, ಒಂದು ಸಲಕ್ಕೆ ಒಂದೇ ಸ್ಪೋಕ್ ಹಚ್ಚಿ. ಕಾಮನಬಿಲ್ಲಿನ ಹಾಗೆ ಬಣ್ಣ ಕಾಣತೊಡಗಿದರೆ ಒರೆಸುವ ಹೊತ್ತು ಬಂತು ಅಂತ ಅರ್ಥ. ತಡ ಮಾಡಿದರೆ ಗಟ್ಟಿಯಾಗಿ ಉಬ್ಬಿದ ಕಲೆ ಉಳಿಯುತ್ತದೆ. ಆಮೇಲೆ ಕನಿಷ್ಠ 24 ಗಂಟೆ ನೀರು ತಾಗಬಾರದು, ಒಂದು ವಾರ ಶಾಂಪೂ ಬೇಡ.

ಬರಿ ಅಲ್ಯೂಮಿನಿಯಂ ಚಕ್ರಕ್ಕೆ ಮೊದಲು ಮೆಟಲ್ ಪಾಲಿಶ್. ಬಟ್ಟೆ ಕಪ್ಪಾಗುತ್ತದೆ, ಹೆದರಬೇಡಿ. ಕಪ್ಪು ನಿಂತು ಕನ್ನಡಿಯ ಹಾಗೆ ಕಂಡ ಮೇಲೆ ಸೀಲೆಂಟ್ ಹಚ್ಚಿ. ಇಲ್ಲದಿದ್ದರೆ ಗಾಳಿ ತಾಗಿ ಬೇಗ ಮಂಕಾಗುತ್ತದೆ.

ಯಾವ ಪದರವೇ ಆಗಲಿ, ಡಿಸ್ಕ್ ಮತ್ತು ಪ್ಯಾಡಿಗೆ ಒಂದು ಹನಿಯೂ ತಾಗಬಾರದು. ಸಿಂಪಡಿಸುವ ಬಾಟಲಿಯಾದರೆ ಬಟ್ಟೆಗೆ ಸಿಂಪಡಿಸಿ, ಚಕ್ರಕ್ಕಲ್ಲ.

ಒಳಗೋಡೆಗೂ ಕೋಟಿಂಗ್ ಹಚ್ಚಬೇಕಾದರೆ ಚಕ್ರ ಬಿಚ್ಚುವುದು ಒಳ್ಳೆಯದು. ಸಮತಟ್ಟಾದ ನೆಲದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡ ಕೊಟ್ಟು, ನಟ್‌ಗಳನ್ನು ಎತ್ತುವ ಮೊದಲೇ ಸ್ವಲ್ಪ ಸಡಿಲಿಸಿ. ಜ್ಯಾಕ್ ಎತ್ತಲು ಮಾತ್ರ, ಹೊತ್ತು ನಿಲ್ಲಲು ಸ್ಟ್ಯಾಂಡ್ ಬೇಕು. ಬರೀ ಜ್ಯಾಕ್ ಮೇಲೆ ನಿಂತ ಕಾರಿನಡಿ ಕೈ ಕಾಲು ಹಾಕಬೇಡಿ. ನಟ್ ಕೂರುವ ಗುಳಿಗೂ, ಚಕ್ರ ಕೂರುವ ನಡುಭಾಗಕ್ಕೆ (ಹಬ್) ತಾಗುವ ಹಿಂಬದಿಗೂ ಕೋಟಿಂಗ್ ಬೇಡ. ಮತ್ತೆ ಹಾಕುವಾಗ ಎದುರುಬದುರು ನಟ್‌ಗಳನ್ನು ಸರದಿಯಲ್ಲಿ ಬಿಗಿಯುತ್ತಾ ಹೋಗಿ. ಕಾರಿನ ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚ್ ಬಳಸಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಟೈರಿಗೆ ಕೊನೆಯ ಕೈ

ಟೈರ್ ಮಂಕಾಗಿದ್ದರೆ ಚಕ್ರ ಎಷ್ಟು ಹೊಳೆದರೂ ಎದ್ದು ಕಾಣುವುದಿಲ್ಲ. ಟೈರಿಗೆ ಹಚ್ಚುವ ಹೊಳಪಿನ ದ್ರವವನ್ನು (ಡ್ರೆಸಿಂಗ್) ನೀರಿನ ಆಧಾರದ್ದೇ ತೆಗೆದುಕೊಳ್ಳಿ. ಒಣಗಿದ ಟೈರಿನ ಪಕ್ಕೆಗೆ ಸ್ಪಂಜಿನಲ್ಲಿ ತೆಳ್ಳಗೆ ಹಚ್ಚಿ, 10 ನಿಮಿಷ ಬಿಟ್ಟು ಮೇಲುಳಿದದ್ದನ್ನು ಒರೆಸಿ. ಒರೆಸದಿದ್ದರೆ ಓಡುವಾಗ ಬಾಗಿಲ ಮೇಲೆ ಸಿಡಿಯುತ್ತದೆ. ರಸ್ತೆಗೆ ತಾಗುವ ಹಲ್ಲುಗಳ ಭಾಗಕ್ಕೆ ಹಚ್ಚಲೇಬಾರದು, ಹಿಡಿತ ಹೋಗುತ್ತದೆ.

ಮುಂದೆ ಏನು?

ಇಷ್ಟೆಲ್ಲ ಒಂದು ಸಲ ಮಾಡಿದರೆ ಆಮೇಲಿನದು ಹಗುರ. ಒಂದೆರಡು ವಾರಕ್ಕೊಮ್ಮೆ ಶಾಂಪೂ ನೀರು, ಮೆತ್ತನೆಯ ಬ್ರಷ್, ಒಣ ಬಟ್ಟೆ ಸಾಕು. ಕಡಲ ಹತ್ತಿರ ಓಡಿಸುವವರು, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ಕಡೆ ಇರುವವರು ಇನ್ನೂ ಬೇಗ ಬೇಗ ತೊಳೆಯಬೇಕು. ನೀರು ಮಣಿಯ ಹಾಗೆ ಉರುಳುವುದು ನಿಂತು ಹಾಳೆಯ ಹಾಗೆ ಹರಡಿದರೆ ಸೀಲೆಂಟ್ ಮತ್ತೆ ಹಚ್ಚುವ ಹೊತ್ತಾಯಿತು. ಕಲ್ಲು ತಾಗಿಯೋ, ಫುಟ್‌ಪಾತ್ ಅಂಚಿಗೆ ಉಜ್ಜಿಯೋ ಲ್ಯಾಕರ್ ಎದ್ದಿದ್ದರೆ ಅಲ್ಲಿಗೆ ಬೇಗ ಟಚ್ ಅಪ್ ಮಾಡಿಸಿ.

ತೊಳೆದ ಮೇಲೆ ಕಾರನ್ನು ಹಾಗೇ ನಿಲ್ಲಿಸಿ ಹೋಗಬೇಡಿ. ಒದ್ದೆ ಡಿಸ್ಕಿನ ಮೇಲೆ ಕೆಲವೇ ಗಂಟೆಗಳಲ್ಲಿ ತೆಳು ತುಕ್ಕು ಬರುತ್ತದೆ. ಹ್ಯಾಂಡ್ ಬ್ರೇಕ್ ಹಾಕಿಟ್ಟರೆ ಪ್ಯಾಡ್ ಡಿಸ್ಕಿಗೆ ಅಂಟಿಕೊಳ್ಳಬಹುದು. ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಒಂದು ಸುತ್ತು ಹೋಗಿ, ಮೆಲ್ಲಗೆ ನಾಲ್ಕೈದು ಸಲ ಬ್ರೇಕ್ ಒತ್ತಿ. ಮೊದಲೆರಡು ಸಲ ಬ್ರೇಕ್ ಸ್ವಲ್ಪ ಜಾರಿದ ಹಾಗೆ ಅನಿಸುತ್ತದೆ, ಸಣ್ಣಗೆ ಕರಕರ ಸದ್ದೂ ಬರಬಹುದು. ಡಿಸ್ಕ್ ಒಣಗಿದ ಕೂಡಲೇ ಸದ್ದು ನಿಂತು ಹಿಡಿತ ಮೊದಲಿನ ಹಾಗೆ ಬರುತ್ತದೆ. ಆಗ ತಂದು ನಿಲ್ಲಿಸಿ.